ಬ್ಯಾಗಿಗೊಪ್ಪುವ ಅಥಣಿ ಚಪ್ಪಲಿ

ಹೊಸ ಹ್ಯಾಂಡ್‌ಬ್ಯಾಗ್ ತಗೊಂಡ್ರಾ? ಕಂದು ಚರ್ಮದ ಬ್ಯಾಗಿಗೆ ನಮ್ಮ ಅಥಣಿಯ ಕೊಲ್ಹಾಪುರಿ ಚಪ್ಪಲಿಯೇ ಒಳ್ಳೆ ಜೋಡಿ ನೋಡ್ರಿ.

ಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ಚರ್ಮ, ಮೊಳೆಯಿಲ್ಲದ ಕೈಹೊಲಿಗೆ. ಹೆಣಿಗೆ, ಹೊಲಿಗೆ ಹೆಚ್ಚಾಗಿ ಹೆಣ್ಣುಮಕ್ಕಳದೇ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. 2025ರಲ್ಲಿ, ದುಬಾರಿ ಬ್ಯಾಗಿಗೆ ಹೆಸರಾದ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಮೂಲ ಹೇಳಲಿಲ್ಲವೆಂದು ಟೀಕೆ ಬಂದ ಮೇಲೆ ಇದು ಭಾರತದ ಕಸುಬಿನಿಂದ ಬಂದದ್ದೆಂದು ಒಪ್ಪಿಕೊಂಡಿತು.

ಕೊಳ್ಳುವಾಗ ಅಂಚಿನ ಹೊಲಿಗೆ ನೋಡಿರಿ. ಮಳೆಯಲ್ಲಿ ಹಾಕಬೇಡಿ, ನೆನೆದರೆ ನೆರಳಲ್ಲೇ ಒಣಗಿಸಿರಿ.

ಇನ್ನೊಂದು ಮಾತು. ಶೋರೂಮಿನಲ್ಲಿ ಬ್ಯಾಗಿನ ಬೆಲೆ ಕೇಳಿ ಸುಮ್ಮನೆ ದುಡ್ಡು ಎಣಿಸ್ತೀವಿ, ಚಪ್ಪಲಿ ಹೊಲಿಯೋ ಅಕ್ಕನ ಹತ್ರ ಐವತ್ತು ರೂಪಾಯಿಗೆ ಚೌಕಾಶಿ ಮಾಡ್ತೀವಿ. ಈ ಸಲ ಬ್ಯಾಡ್ರಿ.