ತೋಟದ ವಾಲ್ವ್, ಗಿಟಾರಿನ ವಾಲ್ವ್

ತಿಗನಾರೆ, ತಾಳವಾಡಿ ಕಡೆ ಬೋರ್‌ವೆಲ್ ನೀರಲ್ಲಿ ಕೋಸು, ಆಲೂಗಡ್ಡೆ ಬೆಳೆಯುವ ಮನೆಯ ಮಕ್ಕಳಿಗೆ ಗೇಟ್ ವಾಲ್ವ್ ಹೊಸದಲ್ಲ. ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಪೈಪಿನಲ್ಲಿ ನೀರು ಜಾಸ್ತಿಯಾಗುತ್ತೆ, ಕಮ್ಮಿಯಾಗುತ್ತೆ. ನೀರನ್ನು ನೂಕುವುದು ಮೋಟಾರು. ನಮ್ಮ ಕೈಯದು ಬರೀ ಹತೋಟಿ. ಗಿಟಾರ್ ಸದ್ದನ್ನು ಜೋರು ಮಾಡುವ ಹಳೆಯ ಗಾಜಿನ ಬುರುಡೆಯ ಹೆಸರೂ ವಾಲ್ವ್. ಅದು ಮಾಡುವುದೂ ಇದೇ ಕೆಲಸ.

ಬುರುಡೆಯೊಳಗೆ ಏನಿದೆ?

ಗಾಳಿ ತೆಗೆದ ಗಾಜಿನ ಕೊಳವೆ. ಅದರ ನಡುವೆ ಕಾದು ಕೆಂಪಾಗುವ ತಂತಿ, ತಂತಿಯ ಸುತ್ತ ಕ್ಯಾಥೋಡ್. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಹೊರಗಡೆ ಇರುವ ಪ್ಲೇಟಿಗೆ ಸುಮಾರು 250 ವೋಲ್ಟ್ ಧನ ವಿದ್ಯುತ್ ಕೊಟ್ಟರೆ ಅದು ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುತ್ತದೆ. 1904ರಲ್ಲಿ ಫ್ಲೆಮಿಂಗ್ ಮಾಡಿದ ವಾಲ್ವ್ ಇಷ್ಟೇ. 1906ರಲ್ಲಿ ಲೀ ಡಿ ಫಾರೆಸ್ಟ್ ಇವೆರಡರ ಮಧ್ಯೆ ತಂತಿಯ ಜಾಲರಿ ಒಂದನ್ನು ಇಟ್ಟರು. ಅದೇ ಗ್ರಿಡ್. ಗ್ರಿಡ್ಡಿನ ವೋಲ್ಟೇಜ್ ಒಂಚೂರು ಬದಲಾದರೂ ಪ್ಲೇಟಿಗೆ ಹೋಗುವ ಕರೆಂಟ್ ಬಹಳ ಬದಲಾಗುತ್ತದೆ. ತೋಟದ ವಾಲ್ವ್ ತಿರುಗಿಸುವ ಕೈ ಇಲ್ಲಿ ಗ್ರಿಡ್.

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ 'ಆಕಾಶವಾಣಿ' ಮಾತನಾಡಿದ್ದು ಇಂಥ ವಾಲ್ವುಗಳಿಂದಲೇ. 1960ರ ದಶಕದಲ್ಲಿ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ವಾಲ್ವ್ ಮೂಲೆಗೆ ಸೇರಿತು. ಗಿಟಾರ್ ನುಡಿಸುವವರು ಮಾತ್ರ ಬಿಡಲಿಲ್ಲ. ಜೋರಾಗಿ ಮೀಟಿದಾಗ ವಾಲ್ವಿನಲ್ಲಿ ತರಂಗದ ತುದಿ ಥಟ್ಟನೆ ಕತ್ತರಿಸಿ ಹೋಗದೆ ಮೆಲ್ಲಗೆ ದುಂಡಗಾಗುತ್ತದೆ. ಆ ದನಿ ಅವರಿಗೆ ಇಷ್ಟ.

ಎರಡೇ ವಾಲ್ವಿನ ಆಂಪ್ಲಿಫೈಯರ್

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುತ್ತವೆ. ತಂತಿ ಅಲುಗಿದಾಗ ಸುರುಳಿಯಲ್ಲಿ ಸುಮಾರು 0.1 ವೋಲ್ಟ್ ಹುಟ್ಟುತ್ತದೆ. ನೀವು ಓದುವ ಫ್ಯಾರಡೆ ನಿಯಮವೇ ಇದು. ಈ ಸಂಕೇತ ಇಸಿಸಿ 83 ಎಂಬ ಚಿಕ್ಕ ವಾಲ್ವಿನ ಗ್ರಿಡ್ಡಿಗೆ ಹೋಗಿ ಸುಮಾರು 50 ಪಟ್ಟು, ಅಂದರೆ 5 ವೋಲ್ಟ್ ಆಗುತ್ತದೆ. ಆ 5 ವೋಲ್ಟ್ ಎರಡನೆಯ ವಾಲ್ವ್ ಇಎಲ್ 84ನ್ನು ಆಡಿಸುತ್ತದೆ.

ಇಎಲ್ 84ಕ್ಕೆ ಬೇಕಾದ ಲೋಡ್ ಸುಮಾರು 5000 ಓಮ್, ಸ್ಪೀಕರ್ ಇರುವುದು 8 ಓಮ್. ಇವೆರಡನ್ನೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5000 ÷ 8 = 625; ಅದರ ವರ್ಗಮೂಲ 25. ಆದ್ದರಿಂದ ಸುರುಳಿಗಳ ಸುತ್ತಿನ ಅನುಪಾತ 25:1 ಇರಬೇಕು.

ಎಲ್ಲ ಸೇರಿ ಸುಮಾರು 20 ವ್ಯಾಟ್ ತಿಂದು ಇದು ಸ್ಪೀಕರಿಗೆ ಕೊಡುವುದು 5 ವ್ಯಾಟ್. ಉಳಿದದ್ದು ಶಾಖ. ವಾಲ್ವ್ ಶಕ್ತಿಯನ್ನು ಹುಟ್ಟಿಸುವುದಿಲ್ಲ ಅನ್ನುವುದಕ್ಕೆ ಈ ಲೆಕ್ಕವೇ ಸಾಕ್ಷಿ.

ಆಫ್ ಮಾಡಿದರೂ ಅಪಾಯ

220 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ಎಸಿಯನ್ನು ಡಿಸಿ ಮಾಡಿದಾಗ ಕೆಪಾಸಿಟರ್ ಅದರ ತುದಿಯವರೆಗೆ ತುಂಬಿಕೊಳ್ಳುತ್ತದೆ: 220 × 1.41 = ಸುಮಾರು 310 ವೋಲ್ಟ್. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕೂತಿರಬಹುದು. ಕೈ ತಗುಲಿದರೆ ಪ್ರಾಣಕ್ಕೇ ಕುತ್ತು. ಅದಕ್ಕೇ ತಿಳಿದವರು ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೋಓಮ್ ರೆಸಿಸ್ಟರ್ ಹಾಕುತ್ತಾರೆ. 47 ಮೈಕ್ರೊಫ್ಯಾರಡ್ ಇದ್ದರೆ ಚಾರ್ಜ್ ಇಳಿಯಲು ಒಂದು ನಿಮಿಷ ಹಿಡಿಯುತ್ತದೆ. ಇಷ್ಟಾದರೂ ಮೀಟರಿನಲ್ಲಿ ನೋಡದೆ ಅವರು ಮುಟ್ಟುವುದಿಲ್ಲ. ಮಕ್ಕಳೇ, ಇದನ್ನು ನೀವಾಗಿ ಕಟ್ಟಲು ಹೋಗಬೇಡಿ. ಹಳೇ ವಾಲ್ವ್ ರೇಡಿಯೊ ಸಿಕ್ಕಿದರೂ ಬಿಚ್ಚಬೇಡಿ.

ನೀವು ಮಾಡಿ ನೋಡಿ

ಇದೇ ತತ್ವವನ್ನು 9 ವೋಲ್ಟ್ ಬ್ಯಾಟರಿಯಲ್ಲಿ ನೋಡಬಹುದು. ಎಲ್‌ಎಂ 386 ಎಂಬ ಎಂಟು ಕಾಲಿನ ಐಸಿ ತನ್ನಿ.

1. 2 ಮತ್ತು 4ನೇ ಕಾಲನ್ನು ಬ್ಯಾಟರಿಯ ಮೈನಸ್‌ಗೆ, 6ನೇ ಕಾಲನ್ನು ಪ್ಲಸ್‌ಗೆ ಸೇರಿಸಿ.
2. ಗಿಟಾರಿನ ಒಂದು ತಂತಿ 3ನೇ ಕಾಲಿಗೆ, ಇನ್ನೊಂದು ಮೈನಸ್‌ಗೆ.
3. 220 ಮೈಕ್ರೊಫ್ಯಾರಡ್ ಕೆಪಾಸಿಟರಿನ ಪ್ಲಸ್ ತುದಿ 5ನೇ ಕಾಲಿಗೆ, ಮೈನಸ್ ತುದಿ 8 ಓಮ್ ಸ್ಪೀಕರಿಗೆ. ಸ್ಪೀಕರಿನ ಇನ್ನೊಂದು ತುದಿ ಬ್ಯಾಟರಿಯ ಮೈನಸ್‌ಗೆ.

ಈಗ ಇದು 20 ಪಟ್ಟು ವರ್ಧಿಸುತ್ತದೆ. ಗಿಟಾರ್ ಇಲ್ಲದಿದ್ದರೆ ಮೊಬೈಲಿನ ಇಯರ್‌ಫೋನ್ ತೂತಿನಿಂದ ಹಾಡನ್ನು 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್ ಮೂಲಕ ಕೊಡಿ.

ಬ್ಯಾಟರಿಯ ದಾರಿಯಲ್ಲಿ ಮಲ್ಟಿಮೀಟರ್ ಇಟ್ಟು ಕರೆಂಟ್ ಅಳೆಯಿರಿ. ಸದ್ದಿಲ್ಲದಾಗ ಕೆಲವೇ ಮಿಲಿಆಂಪಿಯರ್. ಸದ್ದು ಏರಿದಂತೆ ಕರೆಂಟೂ ಏರುತ್ತದೆ. ಜೋರು ಸದ್ದಿನ ಶಕ್ತಿ ಎಲ್ಲಿಂದ ಬಂತು? ಅಳತೆಗಳನ್ನು ಪುಸ್ತಕದಲ್ಲಿ ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.