ಲಂಗರು ಹಿಡಿಯುವುದು ಭಾರದಿಂದಲ್ಲ

ಹಾಯಿದೋಣಿಯನ್ನು ನಿಲ್ಲಿಸುವುದು ಲಂಗರಿನ ಭಾರ ಎಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ತಪ್ಪು. ಹನ್ನೆರಡು ಮೀಟರ್ ಉದ್ದದ ಪ್ರವಾಸಿ ಹಾಯಿದೋಣಿ ಎಂಟು–ಹತ್ತು ಟನ್ ತೂಗುತ್ತದೆ. ಅದರ ಲಂಗರು ಸುಮಾರು 20 ಕೆಜಿ. ನೀರಿಗಿಳಿದ ಉಕ್ಕಿನ ತೂಕ ಎಂಟನೇ ಒಂದು ಪಾಲಿನಷ್ಟು ಇಳಿಯುವುದರಿಂದ ತಳ ಸೇರುವಾಗ ಅದು ಇನ್ನೂ ಹಗುರ. ಅದೇ ಲಂಗರು ಗಟ್ಟಿ ಮರಳಿನಲ್ಲಿ ಪೂರ್ತಿ ಹೂತುಕೊಂಡರೆ ಸಾವಿರ ಕೆಜಿಗೂ ಮಿಕ್ಕಿದ ಸೆಳೆತವನ್ನು ತಡೆಯುತ್ತದೆ.

ಗುಟ್ಟು ನೇಗಿಲು ಹಿಡಿದವರಿಗೆಲ್ಲ ಗೊತ್ತಿರುವಂಥದ್ದು. ಎಳೆತ ನೆಲದ ಮಟ್ಟದಲ್ಲಿದ್ದರೆ ಗುಳ ಮಣ್ಣಿಗಿಳಿಯುತ್ತದೆ, ಮೇಲಕ್ಕೆ ಎತ್ತಿದರೆ ಕಿತ್ತು ಬರುತ್ತದೆ. ದ್ರವಚಲನೆಯ ಅಧ್ಯಯನದಲ್ಲಿ ದೊಡ್ಡ ಹೆಸರಾದ ಕೇಂಬ್ರಿಡ್ಜ್‌ನ ಜೆಫ್ರಿ ಇನ್‌ಗ್ರಾಮ್ ಟೇಲರ್ 1933ರಲ್ಲಿ ನೇಗಿಲಿನಾಕಾರದ ಲಂಗರನ್ನೇ ರೂಪಿಸಿದ. ಸ್ವತಃ ಹಾಯಿದೋಣಿಯ ಹುಚ್ಚಿದ್ದ ಆತನಿಗೆ ಹಳೆಯ ಕಾಲದ ಭಾರದ ಲಂಗರುಗಳು ಸಣ್ಣ ದೋಣಿಗೆ ಹೊರೆಯಾಗಿ ಕಂಡಿದ್ದವು. ಸಿಕ್ಯೂಆರ್ ಎಂಬ ಹೆಸರಿನ ಆ ಲಂಗರು ದಶಕಗಳ ಕಾಲ ದೋಣಿಗಳ ಮೂತಿಯಲ್ಲಿ ಮೆರೆಯಿತು.

ಎಳೆತವನ್ನು ನೆಲಮಟ್ಟಕ್ಕೆ ಇಳಿಸುವುದು ಸರಪಳಿಯ ಉದ್ದ. ನೀರಿನ ಆಳ 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲಿದ್ದರೆ ಲೆಕ್ಕಕ್ಕೆ 6 ಮೀಟರ್. ಅದರ ಮೂರು ಪಟ್ಟು ಸರಪಳಿ ಬಿಟ್ಟರೆ, ಬಿಗಿದು ನೇರವಾದಾಗ ಅದು ತಳಕ್ಕೆ ಸುಮಾರು 19 ಡಿಗ್ರಿ ಕೋನದಲ್ಲಿರುತ್ತದೆ. ಐದು ಪಟ್ಟು ಬಿಟ್ಟರೆ 12, ಏಳು ಪಟ್ಟಿಗೆ 8. ಸಾಧಾರಣ ಗಾಳಿಯಲ್ಲಿ ಸರಪಳಿ ತನ್ನ ಭಾರಕ್ಕೆ ಜೋತು ತಳದ ಮೇಲೆಯೇ ಮಲಗಿರುತ್ತದೆ. ಆದರೆ ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 30 ನಾಟ್, ಅಂದರೆ ಗಂಟೆಗೆ 56 ಕಿಲೋಮೀಟರ್ ಬೀಸುವಾಗ ಆ ಜೋಲು ಬಹುಮಟ್ಟಿಗೆ ಮಾಯ. ಆಗ ಬೀಳುವ ಜಗ್ಗುಗಳನ್ನು ನುಂಗಿಕೊಳ್ಳಲು ಸರಪಳಿಗೆ ಹಿಗ್ಗುವ ನೈಲಾನ್ ಹಗ್ಗದ ತುಂಡೊಂದನ್ನು ಕಟ್ಟುವುದುಂಟು.

ಈ ಲೆಕ್ಕಕ್ಕೆಲ್ಲ ಪರೀಕ್ಷೆ ಒಡ್ಡುವ ಜಾಗ ಕೆರಿಬಿಯನ್ ಸಮುದ್ರದ ಆಂಟಿಗುವಾದ ಇಂಗ್ಲಿಷ್ ಹಾರ್ಬರ್ ಬಂದರು. ಕ್ರಿಕೆಟ್ ಪ್ರಿಯರಿಗೆ ವಿವಿಯನ್ ರಿಚರ್ಡ್ಸ್‌ನ ಊರಾಗಿ ಗೊತ್ತಿರುವ ಈ ದ್ವೀಪದಲ್ಲಿ ಬ್ರಿಟಿಷ್ ನೌಕಾಪಡೆ ಹದಿನೆಂಟನೇ ಶತಮಾನದಲ್ಲಿ ಹಡಗುಕಟ್ಟೆ ಕಟ್ಟಿತು. 1784ರಿಂದ ಮೂರು ವರ್ಷ ನೌಕಾಧಿಕಾರಿ ಹೊರೇಷಿಯೊ ನೆಲ್ಸನ್ ಇಲ್ಲಿದ್ದ. ಜಾಗ ಮಾತ್ರ ಅವನಿಗೆ ಸೇರುತ್ತಿರಲಿಲ್ಲ. 2016ರಲ್ಲಿ ಹಡಗುಕಟ್ಟೆ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು.

ಬಂದರಿನ ಬಾಯಲ್ಲಿರುವ ಫ್ರೀಮನ್ಸ್ ಬೇಯಲ್ಲಿ ದೋಣಿಗಳು ಲಂಗರು ಹಾಕುತ್ತವೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಶರ್ಲಿ ಹೈಟ್ಸ್ ಗುಡ್ಡವನ್ನು ದಾಟಿ ಇಳಿಯುವಾಗ ಸುಳಿಸುಳಿಯಾಗಿ ಬೀಳುತ್ತದೆ. ಒಂದು ದೋಣಿ ಉತ್ತರಕ್ಕೆ ಮುಖ ಮಾಡಿದ್ದರೆ ಪಕ್ಕದ್ದು ದಕ್ಷಿಣಕ್ಕೆ ತಿರುಗಿರುವುದು ಇಲ್ಲಿ ಮಾಮೂಲು. ಮೂವತ್ತು ಮೀಟರ್ ಸರಪಳಿ ಬಿಟ್ಟ ದೋಣಿ ತನ್ನ ಉದ್ದವೂ ಸೇರಿ ನಲವತ್ತು ಮೀಟರ್ ತ್ರಿಜ್ಯದಲ್ಲಿ ಸುತ್ತಬಲ್ಲದು. ಸರಪಳಿ ಹೆಚ್ಚು ಬಿಟ್ಟರೆ ನೆರೆಯವನಿಗೆ ಡಿಕ್ಕಿ, ಕಡಿಮೆ ಬಿಟ್ಟರೆ ಲಂಗರು ಕಿತ್ತೀತು. ಹೀಗಾಗಿ ಜಾಗದ ಆಯ್ಕೆಯೇ ಅರ್ಧ ಕೆಲಸ.

ಉಳಿದರ್ಧಕ್ಕೆ ತಾಳ್ಮೆ ಬೇಕು. ಮೂತಿಯನ್ನು ಗಾಳಿಗೆ ಒಡ್ಡಿ, ದೋಣಿ ಪೂರ್ತಿ ನಿಂತ ಮೇಲೆ ಲಂಗರನ್ನು ನಿಧಾನವಾಗಿ ಇಳಿಸಬೇಕು. ಸಿನಿಮಾದಲ್ಲಿ ತೋರಿಸುವಂತೆ ಎಸೆದರೆ ಸರಪಳಿ ಅದರ ಮೇಲೆಯೇ ಗುಡ್ಡೆಯಾಗಿ ಸುತ್ತಿಕೊಳ್ಳುತ್ತದೆ. ದೋಣಿ ಹಿಂದೆ ಸರಿದಂತೆ ಸರಪಳಿ ಬಿಡುತ್ತಾ ಹೋಗಿ, ಕೊನೆಗೆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಿ ಎಳೆಯಬೇಕು. ದಡದ ಎರಡು ಗುರುತುಗಳು, ಒಂದು ಮರ, ಅದರ ಹಿಂದಿನ ಕೋಟೆಗೋಡೆಯ ಮೂಲೆ, ಒಂದೇ ಸಾಲಿನಲ್ಲಿ ಕದಲದೆ ನಿಂತರೆ ಲಂಗರು ಹಿಡಿದಿದೆ.

ಇಷ್ಟಾದರೂ ಇಂಗ್ಲಿಷ್ ಹಾರ್ಬರ್‌ನ ಒಳಭಾಗ ಇನ್ನೊಂದು ಪೇಚಿಗೆ ಸಿಲುಕಿಸುತ್ತದೆ. ಚಂಡಮಾರುತದ ಕಾಲದಲ್ಲಿ ಯುದ್ಧನೌಕೆಗಳನ್ನು ಬಿಗಿಯಲು ಹಾಸಿದ್ದ ದಪ್ಪ ಸರಪಳಿ ಇಂದಿಗೂ ತಳದಲ್ಲಿದೆ. ಲಂಗರಿನ ಕೊಕ್ಕೆ ಅದಕ್ಕೆ ಸಿಕ್ಕಿತೆಂದರೆ ಯಾವ ಗಾಳಿಗೂ ಜಗ್ಗದು, ಎತ್ತಲು ಹೋದರೂ ಬಾರದು! ಸಾಧಾರಣ ಸರಪಳಿಯಾದರೆ ರಾಟೆಯಿಂದ ಮೇಲೆತ್ತಿ, ಅದರಡಿ ಹಗ್ಗ ತೂರಿಸಿ ದೋಣಿಗೆ ಬಿಗಿದು, ಲಂಗರನ್ನು ತುಸು ಕೆಳಗಿಳಿಸಿದರೆ ಕೊಕ್ಕೆ ಕಳಚಿಕೊಳ್ಳುತ್ತದೆ. ನೌಕಾಪಡೆಯ ಸರಪಳಿ ಸಣ್ಣ ದೋಣಿಯ ರಾಟೆಗೆ ಏಳುವಂಥದ್ದಲ್ಲ. ಅಲ್ಲಿ ಮುಳುಗುಗಾರರನ್ನು ಕರೆಸುವುದೇ ದಾರಿ.