ನೊಗ ಹೊತ್ತವರಿಗೂ ಉಂಟು ವಿಶ್ರಾಂತಿ

ಡಿಸೆಂಬರ್ ಕಳೆಯುವ ಹೊತ್ತಿಗೆ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಸುತ್ತಿನ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಮುಗಿದಿರುತ್ತದೆ. ರಾಗಿ ಮೆದೆಯಾಗಿ ಕಣದ ಪಕ್ಕ ಕೂತಿರುತ್ತದೆ. ಎತ್ತುಗಳ ಹೆಗಲಿಗೂ ಕೊಂಚ ಬಿಡುವು. ಬಿಡುವಿಲ್ಲದಿರುವುದು ಹತ್ತನೆಯ ತರಗತಿಯ ಮಗುವಿನ ಹೆಗಲಿಗೆ ಮಾತ್ರ. ಹೊಸ ಕ್ಯಾಲೆಂಡರ್ ಗೋಡೆಗೆ ಬಂದೊಡನೆ ಮನೆಮಂದಿಯ ಕಣ್ಣು ಹೋಗುವುದು ಮಾರ್ಚ್ ತಿಂಗಳ ಹಾಳೆಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಈ ಶೈಕ್ಷಣಿಕ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೊಸ ವರ್ಷವೆಂದರೆ ಪರೀಕ್ಷೆಗೆ ಉಳಿದ ದಿನಗಳ ಎಣಿಕೆ.

ಅದೇ ಡಿಸೆಂಬರ್ 31ರ ರಾತ್ರಿ ನಾಡಿನ ಚರ್ಚುಗಳಲ್ಲಿ ದೀಪಗಳು ಆರುವುದಿಲ್ಲ. ‘ವಾಚ್ ನೈಟ್’ ಎಂದು ಕರೆಯುವ ಆರಾಧನೆಗೆ ಮಕ್ಕಳು ಮರಿಯೊಂದಿಗೆ ಜನ ಸೇರುತ್ತಾರೆ. ಗಡಿಯಾರ 12 ಹೊಡೆಯುವ ಮುನ್ನ ಕಳೆದ ವರ್ಷದ ತಪ್ಪುಗಳನ್ನು ನೆನೆದು ಕ್ಷಮೆ ಬೇಡುತ್ತಾರೆ, ಪಡೆದ ಉಪಕಾರಕ್ಕೆ ಕೃತಜ್ಞತೆ ಸಲ್ಲಿಸುತ್ತಾರೆ. ಮೊರೇವಿಯನ್ ಸಭೆಯವರು 1733ರಲ್ಲಿ ಜರ್ಮನಿಯ ಹರ್ನ್‌ಹುಟ್‌ನಲ್ಲಿ ಆರಂಭಿಸಿದ ಈ ಪದ್ಧತಿಯನ್ನು ಇಂಗ್ಲೆಂಡಿನ ಜಾನ್ ವೆಸ್ಲಿ ತಮ್ಮ ಮೆಥಡಿಸ್ಟ್ ಅನುಯಾಯಿಗಳಲ್ಲಿ ಹರಡಿದರು. 1755ರಲ್ಲಿ ಅವರು ‘ಒಡಂಬಡಿಕೆಯ ಆರಾಧನೆ’ಯನ್ನೂ ರೂಢಿಗೆ ತಂದರು. ಮುಂದೆ ಅದು ಹೊಸ ವರ್ಷದ ಆರಾಧನೆಯಾಗಿ ನೆಲೆನಿಂತಿತು. ದೇವರು ಕೆಲಸ ಕೊಟ್ಟರೂ ಸರಿ, ಕೆಲಸದಿಂದ ಪಕ್ಕಕ್ಕೆ ಇರಿಸಿದರೂ ಸರಿ, ಎರಡನ್ನೂ ಒಪ್ಪಿಕೊಳ್ಳುವೆ ಎಂಬುದು ಆ ಪ್ರಾರ್ಥನೆಯ ತಿರುಳು.

ಈ ಮಾತು ಹೇಳುವುದು ಸುಲಭ, ಬದುಕುವುದು ಕಷ್ಟ. ಹಾಗೆ ಬದುಕಬೇಕಾಗಿ ಬಂದ ಒಬ್ಬ ಯುವಕನ ಕಥೆ ತುಮಕೂರು ಜಿಲ್ಲೆಯಲ್ಲೇ ಇದೆ. ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್ 1837ರಲ್ಲಿ ವೆಸ್ಲಿಯನ್ ಮಿಷನ್ನಿನ ನೆಲೆ ಹೂಡಿದರು. ಎರಡು ವರ್ಷಗಳ ಬಳಿಕ ಅಲ್ಲಿಗೆ ಬಂದವರು ಐರ್ಲೆಂಡಿನ ವಿಲಿಯಂ ಆರ್ಥರ್. ಆಗ ಅವರಿಗೆ ಇಪ್ಪತ್ತರ ಪ್ರಾಯ. ಕನ್ನಡ ಕಲಿತರು, ಹಳ್ಳಿಗಳನ್ನು ಸುತ್ತಿದರು. ಬಾಳೆಲ್ಲ ಇಲ್ಲೇ ಎಂದುಕೊಂಡಿದ್ದವರಿಗೆ ಆರೋಗ್ಯ ಕೈಕೊಟ್ಟಿತು, ಕಣ್ಣು ಸೋತಿತು. 1841ರಲ್ಲೇ ಊರಿಗೆ ಮರಳಬೇಕಾಯಿತು.

ಹೊರಗಿನಿಂದ ನೋಡಿದರೆ ಅದು ಸೋಲೇ ಸರಿ. ಆದರೆ ಆರ್ಥರ್ ಅಲ್ಲಿಗೇ ನಿಲ್ಲಲಿಲ್ಲ. ಮೈಸೂರು ಸೀಮೆಯ ತಮ್ಮ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿ ಹೊರತಂದರು. 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು. 1868ರಲ್ಲಿ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಮೊದಲ ಪ್ರಾಂಶುಪಾಲರಾದರು. ಸೋತ ಕಣ್ಣುಗಳವರೇ ನೂರಾರು ಹುಡುಗರ ಓದಿಗೆ ದಾರಿ ತೋರಿದರು. ಗುಬ್ಬಿಯ ಬಾಗಿಲು ಮುಚ್ಚಿದ್ದು ನಿಜ, ಬದುಕಿನ ಬಾಗಿಲು ಮುಚ್ಚಲಿಲ್ಲ.

ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ದಣಿದವರನ್ನೂ ಭಾರಕ್ಕೆ ಬಾಗಿದವರನ್ನೂ ಹತ್ತಿರ ಕರೆದು ವಿಶ್ರಾಂತಿಯ ಭರವಸೆ ಕೊಡುತ್ತಾರೆ. ವಿಚಿತ್ರವೆಂದರೆ, ಆ ಮಾತಿನ ಹಿಂದೆಯೇ ನೊಗದ ಮಾತೂ ಬರುತ್ತದೆ. ವಿಶ್ರಾಂತಿ ಬೇಡಿದವನಿಗೆ ನೊಗವೇಕೆ? ಪಟ್ಟಣದವರಿಗೆ ಇದು ಒಗಟು. ಬೇಸಾಯ ಕಂಡವರಿಗೆ ಅಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ರೈತ ಅದನ್ನು ಅನುಭವಿ ಎತ್ತಿನ ಜೊತೆ ಕಟ್ಟುತ್ತಾನೆ. ನೊಗ ಇಬ್ಬರದು, ಹೆಚ್ಚಿನ ಭಾರ ಹಿರಿಯದರದು. ಕ್ರೈಸ್ತ ನಂಬಿಕೆ ಹೇಳುವ ನೆಮ್ಮದಿ ಇದೇ. ಕೆಲಸ ತಪ್ಪುವುದಿಲ್ಲ, ಒಂಟಿತನ ತಪ್ಪುತ್ತದೆ. ಹೊಣೆ ಇರುತ್ತದೆ, ಅದರ ಫಲವೆಲ್ಲ ತನ್ನೊಬ್ಬನ ತಲೆಯ ಮೇಲಿದೆ ಎಂಬ ಭಯ ಇರುವುದಿಲ್ಲ.

ಆರು ದಿನ ದುಡಿದು ಏಳನೆಯ ದಿನ ವಿರಮಿಸಬೇಕೆಂಬ ಬೈಬಲ್ಲಿನ ಕಟ್ಟಳೆಯ ಹಿಂದೆಯೂ ಇದೇ ತಿಳಿವಿದೆ. ಆ ಕಟ್ಟಳೆ ಮನೆಯ ಯಜಮಾನನಿಗಷ್ಟೇ ಅಲ್ಲ, ಮಕ್ಕಳಿಗೆ, ಆಳುಗಳಿಗೆ, ಎತ್ತಿಗೂ ಅನ್ವಯಿಸುತ್ತದೆ. ಎತ್ತಿಗೆ ಕೊಡುವ ಬಿಡುವನ್ನು ಮಗುವಿಗೆ ಕೊಡಬೇಡವೇ? ರಾತ್ರಿಯಿಡೀ ನಿದ್ದೆಗೆಟ್ಟು ಓದಿದ್ದು ಪರೀಕ್ಷೆಯ ಕೊಠಡಿಯಲ್ಲಿ ನೆನಪಿಗೆ ಬಾರದಿರುವುದು ಎಷ್ಟೋ ವಿದ್ಯಾರ್ಥಿಗಳ ಅನುಭವ. ಓದಿದ್ದನ್ನು ಮಿದುಳು ನೆಲೆಗೊಳಿಸಿಕೊಳ್ಳುವುದೇ ನಿದ್ದೆಯಲ್ಲಿ ಎಂದು ವಿಜ್ಞಾನವೂ ಹೇಳುತ್ತದೆ.

ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತ್ತು. ಒಮ್ಮೆ ಎಡವಿದವರಿಗೆ ಮತ್ತೆ ಏಳಲು ಅವಕಾಶವುಂಟು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಅಪ್ಪ ಅಮ್ಮಂದಿರು ಒಪ್ಪಿಕೊಳ್ಳುವುದು ಬಾಕಿ. “ಅಂಕ ಎಷ್ಟೇ ಬರಲಿ, ನೀನು ನಮ್ಮ ಮಗುವೇ” ಎಂಬ ಒಂದು ಮಾತನ್ನು ಫಲಿತಾಂಶದ ದಿನಕ್ಕೆ ಕಾಯದೆ ವರ್ಷದ ಮೊದಲ ದಿನವೇ ಹೇಳಿದರೆ, ಮಗುವಿನ ಹೆಗಲಿನ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಚರ್ಚಿಗೆ ಹೋಗುವವರಿರಲಿ, ಗುಡಿಗೆ, ಮಸೀದಿಗೆ ಹೋಗುವವರಿರಲಿ, ವರ್ಷದ ಕೊನೆಯ ರಾತ್ರಿ ಮನೆಮಂದಿಯೆಲ್ಲ ಹತ್ತು ನಿಮಿಷ ಸುಮ್ಮನೆ ಒಟ್ಟಿಗೆ ಕೂರಬಹುದು. ಹಳೆಯ ಬೈಗುಳಕ್ಕೆ ಕ್ಷಮೆ ಕೇಳಬಹುದು. ಬೆಳಗಾದರೆ ಪುಸ್ತಕ ಇದ್ದೇ ಇರುತ್ತದೆ. ಆದರೆ ಅದನ್ನು ತೆರೆಯುವ ಕೈ ಆಗ ನಡುಗುವುದಿಲ್ಲ.